ಬೇಟೆ ಮತ್ತು ಮೀನುಗಾರಿಕೆಯ ಹಳೆಯ ಮುದ್ರಣಚಿತ್ರಗಳು: ಸಾರ್ವಜನಿಕರಿಗೆ ಮಾಹಿತಿ

ಕ್ರಿ.ಶ. 1500ರಿಂದ 1800ರವರೆಗಿನ ಮೂರು ಶತಮಾನಗಳಲ್ಲಿ ಯುರೋಪಿನ ಆಂಟ್‌ವರ್ಪ್, ಫ್ರಾಂಕ್‌ಫರ್ಟ್, ರೋಮ್, ಪ್ಯಾರಿಸ್, ಲಂಡನ್ ಮೊದಲಾದ ನಗರಗಳ ಮುದ್ರಣಾಲಯಗಳಿಂದ ಬೇಟೆ ಮತ್ತು ಮೀನುಗಾರಿಕೆಯ ದೃಶ್ಯಗಳಿರುವ ಮುದ್ರಣಚಿತ್ರಗಳು ಬಹುಸಂಖ್ಯೆಯಲ್ಲಿ ಹೊರಬಂದವು. ಇಂತಹ ಚಿತ್ರಗಳನ್ನು ವಸ್ತುಸಂಗ್ರಹಾಲಯಗಳಲ್ಲಿ, ಗ್ರಂಥಾಲಯಗಳ ಹಳೆಯ ಸಂಪುಟಗಳಲ್ಲಿ, ಕೆಲವೊಮ್ಮೆ ಮನೆಯ ಗೋಡೆಯ ಮೇಲೆ ತೂಗುಹಾಕಿದ ಚೌಕಟ್ಟುಗಳಲ್ಲಿ ಕಾಣಬಹುದಾಗಿದೆ. ಇವುಗಳನ್ನು ನೋಡಿದ ನಾಗರಿಕರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಮೂಡುತ್ತವೆ. ಚಿತ್ರದಲ್ಲಿ ತೋರಿಸಿರುವುದು ನಿಜವಾಗಿ ಹಾಗೆಯೇ ನಡೆಯುತ್ತಿತ್ತೇ? ತಮ್ಮ ಬಳಿ ಇರುವ ಪ್ರತಿಯು ಹಳೆಯದೇ ಅಥವಾ ಈಚಿನ ನಕಲೇ? ಹೆಚ್ಚಿನವರು ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳುವುದು ಸಹಜ. ಆದರೆ ಮೊದಲನೆಯದಕ್ಕೆ ಉತ್ತರ ದೊರೆಯದೆ ಎರಡನೆಯದರಿಂದ ಆಗುವ ಪ್ರಯೋಜನ ಕಡಿಮೆ. ಆದ್ದರಿಂದ ಈ ಲೇಖನದಲ್ಲಿ ಮೊದಲನೆಯ ಪ್ರಶ್ನೆಗೇ ಹೆಚ್ಚಿನ ಸ್ಥಳ ನೀಡಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಸೂಕ್ತ. ಈ ಚಿತ್ರಗಳು ಛಾಯಾಚಿತ್ರಗಳಲ್ಲ. ಅವು ದಾಖಲೆಗಳು. ಯಾವುದೇ ದಾಖಲೆಯನ್ನು ಪರಿಶೀಲಿಸುವಾಗ ಅದನ್ನು ಸಿದ್ಧಪಡಿಸಿದವರು ಯಾರು, ಯಾವ ಮೂಲದಿಂದ ನಕಲು ಮಾಡಲಾಗಿದೆ, ಯಾರ ಉಪಯೋಗಕ್ಕಾಗಿ ಹೊರಡಿಸಲಾಗಿದೆ ಎಂಬುದನ್ನು ನೋಡುವಂತೆಯೇ ಈ ಚಿತ್ರಗಳನ್ನೂ ನೋಡಬೇಕಾಗುತ್ತದೆ.

ಮುದ್ರಣದ ವಿಧಾನಗಳು

ಆ ಕಾಲದ ಮುದ್ರಣಚಿತ್ರಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ. ಮರದ ಅಚ್ಚಿನಲ್ಲಿ ಹಲಗೆಯ ಮೇಲೆ ಬರೆದ ರೇಖೆಗಳನ್ನು ಮಾತ್ರ ಉಳಿಸಿ ಸುತ್ತಲಿನ ಭಾಗವನ್ನು ಕೆತ್ತಿ ತೆಗೆಯಲಾಗುತ್ತದೆ. ಉಬ್ಬಿ ನಿಂತ ರೇಖೆಗಳಿಗೆ ಮಸಿ ಹತ್ತುತ್ತದೆ. ಅಕ್ಷರದ ಮೊಳೆಗಳೊಂದಿಗೆ ಇದನ್ನು ಜೋಡಿಸಿ ಒಂದೇ ಪುಟದಲ್ಲಿ ಮುದ್ರಿಸಬಹುದಾದ್ದರಿಂದ ಪುಸ್ತಕಗಳಿಗೆ ಇದು ಅನುಕೂಲಕರವಾಗಿತ್ತು. ತಾಮ್ರಫಲಕದ ಕೆತ್ತನೆಯ ಕ್ರಮ ಇದಕ್ಕೆ ತದ್ವಿರುದ್ಧ. ಬ್ಯೂರಿನ್ ಎಂಬ ಹರಿತವಾದ ಉಕ್ಕಿನ ಉಳಿಯಿಂದ ಫಲಕದ ಮೇಲೆ ಗೀರುಗಳನ್ನು ಕೊರೆದು, ಮಸಿ ಸವರಿ, ಮೇಲ್ಮೈಯನ್ನು ಒರೆಸಿ ತೆಗೆದರೆ ಗೀರುಗಳೊಳಗೆ ಮಾತ್ರ ಮಸಿ ಉಳಿಯುತ್ತದೆ. ತೇವಗೊಳಿಸಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಒತ್ತಿದಾಗ ಗೀರಿನೊಳಗಿನ ಮಸಿಯನ್ನು ಕಾಗದ ಹೀರಿಕೊಳ್ಳುತ್ತದೆ. ಮೂರನೆಯದು ಎಚ್ಚಿಂಗ್. ಇದರಲ್ಲಿ ಫಲಕಕ್ಕೆ ಮೇಣದಂತಹ ಲೇಪನ ಹಚ್ಚಿ, ಸೂಜಿಯಿಂದ ಚಿತ್ರ ಗೀಚಿ, ಫಲಕವನ್ನು ಆಮ್ಲದಲ್ಲಿ ಅದ್ದಲಾಗುತ್ತದೆ. ಸೂಜಿ ಹರಿದ ಕಡೆ ಆಮ್ಲವೇ ಲೋಹವನ್ನು ಕೊರೆಯುತ್ತದೆ. ಬ್ಯೂರಿನ್ ಹಿಡಿಯಲು ವರ್ಷಗಟ್ಟಲೆ ಅಭ್ಯಾಸ ಬೇಕಾಗಿತ್ತು. ಸೂಜಿಯನ್ನು ಚಿತ್ರಕಾರನೇ ಹಿಡಿಯಬಹುದಾಗಿತ್ತು. ಫ್ಲಾರೆನ್ಸ್‌ನಲ್ಲಿ ಜನಿಸಿ ರೋಮ್‌ನಲ್ಲಿ ನೆಲೆಸಿದ ಆಂಟೋನಿಯೋ ಟೆಂಪೆಸ್ಟಾ (1555–1630) ತನ್ನ ಅಸಂಖ್ಯ ಬೇಟೆಯ ದೃಶ್ಯಗಳಿಗೆ ಎಚ್ಚಿಂಗ್ ಕ್ರಮವನ್ನೇ ಆರಿಸಿಕೊಂಡನು.

ಮೂರೂ ವಿಧಾನಗಳಲ್ಲಿ ಫಲಕದ ಮೇಲಿನ ಚಿತ್ರ ಕಾಗದದ ಮೇಲೆ ಎಡಬಲ ಬದಲಾಗಿ ಮೂಡುತ್ತದೆ. ಬೇಟೆಗಾರರೆಲ್ಲರೂ ಈಟಿಯನ್ನು ಎಡಗೈಯಲ್ಲಿ ಎತ್ತಿರುವ, ಕತ್ತಿಯನ್ನು ಬಲಸೊಂಟಕ್ಕೆ ಕಟ್ಟಿರುವ ಚಿತ್ರ ದೊರೆತರೆ ಅದು ಎಡಗೈಯವರ ನಾಡಿನದೆಂದು ತಿಳಿಯಬೇಕಾಗಿಲ್ಲ. ಈಗಾಗಲೇ ಅಚ್ಚಾಗಿದ್ದ ಒಂದು ಪ್ರತಿಯನ್ನು ಮುಂದಿಟ್ಟುಕೊಂಡು ಬೇರೊಬ್ಬರು ಹೊಸ ಫಲಕ ಕೊರೆದಿರುವ ಸಾಧ್ಯತೆಯೇ ಹೆಚ್ಚು.

ಚಿತ್ರದ ಕೆಳಗಿನ ಬರಹ

ಬಹುತೇಕ ತಾಮ್ರಫಲಕದ ಚಿತ್ರಗಳ ಕೆಳ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಲ್ಯಾಟಿನ್ ಭಾಷೆಯ ಬರಹವಿರುತ್ತದೆ. ನೋಡುವವರು ಇದನ್ನು ಗಮನಿಸದೆ ಬಿಡುವುದೇ ಹೆಚ್ಚು. ಚೌಕಟ್ಟು ಹಾಕುವವರು ಅನೇಕ ವೇಳೆ ಇದನ್ನು ಕತ್ತರಿಸಿಯೇ ಬಿಡುತ್ತಾರೆ. ವಾಸ್ತವವಾಗಿ ಇಡೀ ಹಾಳೆಯಲ್ಲಿ ಅತ್ಯಂತ ಉಪಯುಕ್ತವಾದ ಭಾಗವೇ ಇದು. ಒಬ್ಬರ ಹೆಸರಿನ ಮುಂದೆ ‘ಇನ್ವೆನಿಟ್’ ಎಂದಿದ್ದರೆ ಆತನು ಮೂಲಚಿತ್ರವನ್ನು ಕಲ್ಪಿಸಿದವನು. ‘ಸ್ಕಲ್ಪ್‌ಸಿಟ್’ ಎಂದಿದ್ದರೆ ಫಲಕವನ್ನು ಕೊರೆದವನು. ‘ಎಕ್ಸ್‌ಕ್ಯೂಡಿಟ್’ ಎಂದಿದ್ದರೆ ಮುದ್ರಿಸಿ ಪ್ರಕಟಿಸಿದವನು, ಅಂದರೆ ಬಂಡವಾಳ ಹೂಡಿ ಫಲಕದ ಒಡೆತನ ಹೊಂದಿದ್ದವನು. ಈ ಪದಗಳನ್ನು ಹಲವು ಬಾರಿ ‘ಇನ್ವೆನ್.’, ‘ಸ್ಕಲ್ಪ್.’, ‘ಎಕ್ಸ್‌ಕ್ಯೂಡ್.’ ಎಂದು ಸಂಕ್ಷೇಪಿಸಿರುತ್ತಾರೆ. ಕಚೇರಿಯ ದೃಢೀಕೃತ ನಕಲಿನ ಮೇಲೆ ಬರೆದವರು, ಹೋಲಿಸಿದವರು, ಹೊರಡಿಸಿದವರು ಎಂದು ಬೇರೆ ಬೇರೆ ಸಹಿಗಳಿರುವುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೆ: ನಕಲನ್ನು ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆಂದು ಹೇಳುವ ಸಹಿ ಮಾತ್ರ ಈ ಚಿತ್ರಗಳಲ್ಲಿ ಇರುವುದಿಲ್ಲ. ಮೂವರಲ್ಲಿ ಯಾರೊಬ್ಬರಾದರೂ ಬೇಟೆಯ ಸ್ಥಳದಲ್ಲಿ ಇದ್ದರೆಂಬ ಖಾತರಿಯೂ ಇರುವುದಿಲ್ಲ.

ಸ್ಟ್ರಾಡಾನುಸ್‌ನ ಚಿತ್ರಮಾಲೆ

ಈ ವಿಷಯದಲ್ಲಿ ಹೆಚ್ಚು ಪ್ರಸಿದ್ಧವಾದ ಚಿತ್ರಮಾಲೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಾನ್ ವಾನ್ ಡೆರ್ ಸ್ಟ್ರಾಟ್ ಎಂಬ ಕಲಾವಿದನು 1523ರಲ್ಲಿ ಇಂದಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ಜನಿಸಿದನು. ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ನೆಲೆಸಿದ ಮೇಲೆ ಸ್ಟ್ರಾಡಾನುಸ್ ಎಂಬ ಲ್ಯಾಟಿನ್ ಹೆಸರಿನಿಂದ ಪ್ರಸಿದ್ಧನಾದನು. ಅಲ್ಲಿನ ಅಧಿಪತಿ ಮೆಡಿಚಿ ಮನೆತನದ ಮೊದಲನೆಯ ಕೋಸಿಮೋ ತನ್ನ ಪೋಜೋ ಆ ಕಾಯಾನೋ ಎಂಬ ಹಳ್ಳಿಯ ಬಂಗಲೆಯ ಗೋಡೆಗಳಿಗೆ ಬೇಟೆಯ ದೃಶ್ಯಗಳಿರುವ ನೇಯ್ಗೆಯ ಪರದೆಗಳನ್ನು ಮಾಡಿಸಿದನು. 1560ರ ದಶಕದಲ್ಲಿ ಆರಂಭವಾದ ಈ ಕಾರ್ಯಕ್ಕೆ ಮಾದರಿ ಚಿತ್ರಗಳನ್ನು ಬರೆದುಕೊಟ್ಟವನು ಸ್ಟ್ರಾಡಾನುಸ್. ಪರದೆಗಳು ಅಧಿಪತಿ ಮತ್ತು ಅವನ ಅತಿಥಿಗಳಿಗೆ ಮಾತ್ರ ಸೀಮಿತವಾಗಿದ್ದವು. ಆದರೆ 1570ರಲ್ಲಿ ಆಂಟ್‌ವರ್ಪ್‌ನ ಪ್ರಕಾಶಕ ಹಿಯರೋನಿಮಸ್ ಕಾಕ್ ಆರು ಬೇಟೆಯ ಚಿತ್ರಗಳನ್ನು ಅಚ್ಚುಹಾಕಿದನು. 1578ರಲ್ಲಿ ಅದೇ ನಗರದ ಫಿಲಿಪ್ಸ್ ಗಾಲೆ ಎಂಬ ಪ್ರಕಾಶಕನು ಮತ್ತೊಂದು ದೊಡ್ಡ ಗುಂಪನ್ನು ಹೊರತಂದನು. ಅನಂತರದ ವರ್ಷಗಳಲ್ಲಿ ಇದು ಬೆಳೆದು 104 ಚಿತ್ರಗಳ ಮಾಲೆಯಾಯಿತು. ‘ವೆನಾಟಿಯೋನೆಸ್’, ಅಂದರೆ ಬೇಟೆಗಳು, ಎಂಬ ಶೀರ್ಷಿಕೆಯ ಈ ಮಾಲೆಯಲ್ಲಿ ಮೃಗಗಳು, ಪಕ್ಷಿಗಳು, ಮೀನುಗಳು ಮೂರೂ ಸೇರಿವೆ. ಚಿತ್ರಗಳ ಕೆಳಗೆ ಲ್ಯಾಟಿನ್ ಪದ್ಯಗಳಿವೆ.

ಇಲ್ಲಿ ವ್ಯಾಪಾರದ ಲೆಕ್ಕವನ್ನು ಗಮನಿಸಬೇಕು. ನೇಯ್ದ ಪರದೆ ಒಂದೇ ಪ್ರತಿ. ಅದಕ್ಕೆ ತಗಲುವ ವೆಚ್ಚವನ್ನು ಅರಸನೇ ಭರಿಸಬೇಕು. ತಾಮ್ರಫಲಕವಾದರೋ ಒಂದು ಬಾರಿ ಕೊರೆದ ಮೇಲೆ ಅಂದವಾದ ಪ್ರತಿಗಳನ್ನು ನೂರುಗಟ್ಟಲೆ ಕೊಡಬಲ್ಲದು. ರೇಖೆಗಳು ಸವೆದರೆ ಮತ್ತೆ ಕೊರೆದು ಇನ್ನಷ್ಟು ತೆಗೆಯಬಹುದು. ಫಲಕವು ಮನೆ ಹೊಲಗಳಂತೆ ಉತ್ತರಾಧಿಕಾರಕ್ಕೆ ಬರುವ ಸ್ವತ್ತಾಗಿತ್ತು. ಗಾಲೆ ಕುಟುಂಬದ ಮುಂದಿನ ತಲೆಮಾರಿನವರೂ ಹಳೆಯ ಫಲಕಗಳಿಂದ ಪ್ರತಿ ತೆಗೆದು ಮಾರಿದರು. ಹೀಗಾಗಿ ಒಬ್ಬ ಅಧಿಪತಿಯ ಬಂಗಲೆಗೆ ಯೋಜಿಸಿದ ಬೇಟೆಯು ವಕೀಲರ, ವರ್ತಕರ, ಪಾದ್ರಿಗಳ ಮನೆಗಳಿಗೂ ತಲುಪಿತು. ಬೆಳ್ಳಿಯ ಕೆಲಸದವರು, ಪಿಂಗಾಣಿ ತಯಾರಿಸುವವರು, ಬಂದೂಕದ ಹಿಡಿಯ ಮೇಲೆ ಚಿತ್ರ ಕೆತ್ತುವವರು ಇಂತಹ ಹಾಳೆಗಳನ್ನು ಕೊಂಡು ಮಾದರಿಯಾಗಿ ಇಟ್ಟುಕೊಳ್ಳುತ್ತಿದ್ದರು.

ಮಾಲೆಯಲ್ಲಿ ಕಾಣುವುದೆಲ್ಲ ಕಂಡದ್ದೇ? ಹಂದಿಯನ್ನು ನಾಯಿಗಳು ಸುತ್ತುವರಿಯುವುದು, ಜಿಂಕೆಯನ್ನು ಬಲೆಯತ್ತ ಅಟ್ಟುವುದು, ಗಿಡುಗದಿಂದ ಹಕ್ಕಿ ಹಿಡಿಸುವುದು, ನದಿಯಲ್ಲಿ ಬಲೆ ಬೀಸುವುದು ಇವು ಸ್ಟ್ರಾಡಾನುಸ್ ನೋಡಿರಬಹುದಾದ ಸಂಗತಿಗಳು. ಇವುಗಳಲ್ಲಿ ನಾಯಿಯ ಕೊರಳಪಟ್ಟಿ, ಬಲೆಯ ಗಂಟು, ಕೊಂಬಿನ ಕಹಳೆ ಮುಂತಾದವು ಬಹಳ ನಂಬಲರ್ಹ. ಆದರೆ ಸಿಂಹ, ಆನೆ, ಉಷ್ಟ್ರಪಕ್ಷಿಗಳ ಬೇಟೆಗಾಗಿ ಅವನು ಕಾಡಿಗೆ ಹೋಗಲಿಲ್ಲ, ಪುಸ್ತಕಗಳ ಕಡೆಗೆ ಹೋದನು. ರೋಮ್‌ನ ಪ್ಲಿನಿ, ಗ್ರೀಕ್ ಭಾಷೆಯಲ್ಲಿ ಬರೆದ ಈಲಿಯನ್ ಮೊದಲಾದ ಪ್ರಾಚೀನ ಲೇಖಕರು ಅವನಿಗೆ ಆಕರವಾಗಿದ್ದರು. ಈ ವರ್ಗದ ಗ್ರಂಥಗಳಲ್ಲಿ ಎಂತಹ ಸಂಗತಿಗಳಿವೆಯೆಂಬುದಕ್ಕೆ ಭಾರತಕ್ಕೇ ಸಂಬಂಧಿಸಿದ ಒಂದು ಉದಾಹರಣೆ ಸಾಕು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸ್ಟ್ರಾಬೋ ಎಂಬ ಭೂಗೋಳಕಾರನು ಭಾರತದಲ್ಲಿ ಕೋತಿಗಳನ್ನು ಹಿಡಿಯುವ ಬಗೆಯನ್ನು ವಿವರಿಸಿದ್ದಾನೆ. ಬೇಟೆಗಾರನು ಕೋತಿಗಳಿಗೆ ಕಾಣುವಂತೆ ನೀರಿನಿಂದ ಕಣ್ಣು ತೊಳೆದುಕೊಂಡು, ನೀರಿನ ಪಾತ್ರೆಯ ಬದಲು ಅಂಟಿನ ಪಾತ್ರೆಯನ್ನಿಟ್ಟು ಮರೆಯಾಗುತ್ತಾನೆ. ಕೋತಿಯು ಅವನನ್ನು ಅನುಕರಿಸಿ ಅಂಟನ್ನು ಕಣ್ಣಿಗೆ ಹಚ್ಚಿಕೊಂಡು ಸಿಕ್ಕಿಬೀಳುತ್ತದೆ. ಸ್ಟ್ರಾಬೋ ಭಾರತವನ್ನು ನೋಡಿದವನಲ್ಲ, ತನಗಿಂತ ಹಿಂದಿನವರ ಬರಹಗಳನ್ನು ನಂಬಿದವನು. ಕೋತಿಗಳ ನಡುವೆ ಬಾಳುವ ನಮ್ಮ ಹಳ್ಳಿಗಳ ರೈತರು ಈ ಉಪಾಯದ ಬಗ್ಗೆ ಏನು ಹೇಳುವರೆಂಬುದನ್ನು ಓದುಗರ ಊಹೆಗೇ ಬಿಡಲಾಗಿದೆ.

ತೊಂದರೆಯೆಂದರೆ, ಹಂದಿಯ ಬೇಟೆಯನ್ನೂ ಸಿಂಹದ ಬೇಟೆಯನ್ನೂ ಒಂದೇ ಅಳತೆಯ ಹಾಳೆಯಲ್ಲಿ, ಒಂದೇ ಬಗೆಯ ರೇಖೆಗಳಲ್ಲಿ, ಅಷ್ಟೇ ಆತ್ಮವಿಶ್ವಾಸದಿಂದ ಕೆತ್ತಲಾಗಿದೆ. ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂಬುದನ್ನು ಹಾಳೆ ತಾನಾಗಿ ತಿಳಿಸುವುದಿಲ್ಲ.

‘ನಿಸರ್ಗದಿಂದಲೇ ತೆಗೆದದ್ದು’ ಎಂಬ ಪ್ರಮಾಣೀಕರಣ

ಕೆಲವು ಹಾಳೆಗಳಲ್ಲಿ ಚಿತ್ರವನ್ನು ಕಣ್ಣಾರೆ ಕಂಡು ಬರೆಯಲಾಗಿದೆ ಎಂದು ಸ್ಪಷ್ಟವಾಗಿ ನಮೂದಿಸಲಾಗಿರುತ್ತದೆ. ಇದನ್ನೂ ಪರಿಶೀಲನೆ ಇಲ್ಲದೆ ಒಪ್ಪುವಂತಿಲ್ಲ. 1598ರಲ್ಲಿ ಹಾಲೆಂಡಿನ ಕಾಟ್‌ವೈಕ್ ಬಳಿಯ ಕಡಲತೀರಕ್ಕೆ ದೊಡ್ಡ ತಿಮಿಂಗಿಲವೊಂದು ಬಂದು ಬಿದ್ದಿತು. ಹೆಂಡ್ರಿಕ್ ಗೋಲ್ಟ್‌ಸಿಯಸ್ ಎಂಬ ಕಲಾವಿದನ ರಚನೆಯನ್ನು ಆಧರಿಸಿ ಯಾಕೋಬ್ ಮಾಥಮ್ ಇದರ ಫಲಕವನ್ನು ಕೊರೆದನು. ಮೂರು ವರ್ಷಗಳ ತರುವಾಯ, 1601ರಲ್ಲಿ, ಇಟಲಿಯ ಆಂಕೋನಾ ಬಳಿ ತೀರಕ್ಕೆ ಬಂದ ತಿಮಿಂಗಿಲದ ಚಿತ್ರವೊಂದು ಅಚ್ಚಾಯಿತು. ಅದನ್ನು ನಿಸರ್ಗದಿಂದಲೇ ಯಥಾವತ್ತಾಗಿ ತೆಗೆಯಲಾಗಿದೆ ಎಂದು ಅದರ ಮೇಲೆ ಬರೆಯಲಾಗಿತ್ತು. ಕಲಾ ಇತಿಹಾಸಕಾರ ಇ. ಎಚ್. ಗೊಂಬ್ರಿಚ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡು ಬಗೆಯ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದಾರೆ. ಇಟಲಿಯ ಚಿತ್ರವು ಹಾಲೆಂಡಿನ ಚಿತ್ರದ ನಕಲಾಗಿದೆ. ಅಷ್ಟೇ ಅಲ್ಲ, ಹಾಲೆಂಡಿನ ಚಿತ್ರದಲ್ಲಿ ತಿಮಿಂಗಿಲದ ಈಜುರೆಕ್ಕೆಯನ್ನು ಕಣ್ಣಿನ ತೀರ ಸಮೀಪದಲ್ಲಿ, ಕಿವಿಯಂತೆ ತೋರುವ ಹಾಗೆ ಬರೆಯಲಾಗಿತ್ತು. ಆಂಕೋನಾದ ತಿಮಿಂಗಿಲಕ್ಕೂ ಅದೇ ಕಿವಿ ಬಂದಿತು.

ತಪ್ಪಿನ ಮೂಲಕವೇ ನಕಲು ಪತ್ತೆಯಾಗುವುದು ಲೆಕ್ಕಪತ್ರಗಳಲ್ಲಿಯೂ ಕಾಣುವ ಸಂಗತಿ. ಇಬ್ಬರು ಸರಿಯಾಗಿ ಬರೆದರೆ ಯಾರು ಯಾರನ್ನು ನೋಡಿ ಬರೆದರೆಂದು ಹೇಳಲಾಗದು. ಇಬ್ಬರೂ ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಿದ್ದರೆ ಹೇಳಬಹುದು.

ಇದಕ್ಕೆ ಪ್ರತಿಯಾಗಿ, ನಂಬಿಕೆಗೆ ಹೆಚ್ಚು ಅರ್ಹವಾದ ಹಾಳೆಯೂ ಇದೆ. 1601ರ ಡಿಸೆಂಬರ್‌ನಲ್ಲಿ ಹಾಲೆಂಡಿನ ಬೆವರ್‌ವೈಕ್ ತೀರಕ್ಕೆ ಬಂದ ತಿಮಿಂಗಿಲವನ್ನು ಯಾನ್ ಸಾನ್‌ರೆಡಮ್ 1602ರಲ್ಲಿ ಕೆತ್ತಿದನು. ಜನರು ಪ್ರಾಣಿಯ ಮೇಲೆ ಹತ್ತಿದ್ದಾರೆ, ಕೆಲವರು ಅಳೆಯುತ್ತಿದ್ದಾರೆ, ಮುಂಭಾಗದಲ್ಲಿ ನಿಂತ ಗಣ್ಯನೊಬ್ಬನು ದುರ್ವಾಸನೆ ತಡೆಯಲಾರದೆ ಮೂಗಿಗೆ ಕರವಸ್ತ್ರ ಹಿಡಿದಿದ್ದಾನೆ. ಒಂದು ಪಕ್ಕದಲ್ಲಿ ಕಲಾವಿದನು ತನ್ನನ್ನೇ ಚಿತ್ರ ಬರೆಯುತ್ತಿರುವಂತೆ ತೋರಿಸಿಕೊಂಡಿದ್ದಾನೆ. ತಾನು ಸ್ಥಳದಲ್ಲಿದ್ದೆನೆಂದು ಸಹಿ ಮಾಡುವ ರೀತಿ ಇದು. ಆದರೂ ಅದೇ ಹಾಳೆಯ ಮೇಲ್ಭಾಗದ ಅಲಂಕಾರದಲ್ಲಿ ಗ್ರಹಣ, ಭೂಕಂಪಗಳನ್ನು ಸೇರಿಸಿ, ತಿಮಿಂಗಿಲದ ಆಗಮನವು ಅಪಶಕುನವೆಂಬ ಅರ್ಥವನ್ನೂ ಕೊಡಲಾಗಿದೆ. ಅಳತೆ ಮತ್ತು ಅಪಶಕುನ ಎರಡೂ ಒಂದೇ ಫಲಕದಲ್ಲಿ ನೆಮ್ಮದಿಯಿಂದ ಇವೆ. ಆ ಕಾಲದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ.

ಅಮೆರಿಕದ ಬೇಟೆ ಮತ್ತು ಮೀನುಗಾರಿಕೆ

ಈ ಪರಿಶೀಲನೆ ಅತ್ಯಂತ ಅಗತ್ಯವಾಗುವುದು ತಮ್ಮ ಚಿತ್ರವನ್ನು ತಾವೇ ಅಚ್ಚುಹಾಕುವ ಅವಕಾಶವಿಲ್ಲದ ಜನರ ವಿಷಯದಲ್ಲಿ. 1585ರಲ್ಲಿ ಜಾನ್ ವೈಟ್ ಎಂಬ ಇಂಗ್ಲಿಷ್ ಕಲಾವಿದನು ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾ ಕರಾವಳಿಗೆ ತೆರಳಿ ಅಲ್ಲಿನ ಮೂಲನಿವಾಸಿಗಳ ಜೀವನವನ್ನು ಜಲವರ್ಣದಲ್ಲಿ ಚಿತ್ರಿಸಿದನು. ಈ ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇವುಗಳನ್ನು ಆಧರಿಸಿ ಥಿಯೊಡೋರ್ ಡಿ ಬ್ರೈ ಎಂಬ ಕೆತ್ತನೆಗಾರನು ಫಲಕಗಳನ್ನು ಸಿದ್ಧಪಡಿಸಿ, ಥಾಮಸ್ ಹ್ಯಾರಿಯಟ್‌ನ ವಿವರಣೆಯೊಂದಿಗೆ 1590ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಪ್ರಕಟಿಸಿದನು. ಲ್ಯಾಟಿನ್, ಇಂಗ್ಲಿಷ್, ಜರ್ಮನ್, ಫ್ರೆಂಚ್ ಎಂಬ ನಾಲ್ಕು ಭಾಷೆಗಳಲ್ಲಿ ಪುಸ್ತಕ ಹೊರಬಂದಿತು. ಡಿ ಬ್ರೈ ಮೂಲತಃ ಅಕ್ಕಸಾಲಿಗ. ಅವನು ಅಟ್ಲಾಂಟಿಕ್ ಸಾಗರವನ್ನು ಎಂದೂ ದಾಟಲಿಲ್ಲ.

ಆ ಪುಸ್ತಕದ ಮೀನುಗಾರಿಕೆಯ ಚಿತ್ರ ವಿವರವಾಗಿ ನೋಡಲು ತಕ್ಕುದಾಗಿದೆ. ನೀರಿನಲ್ಲಿ ಕಡ್ಡಿಗಳನ್ನು ಸಾಲಾಗಿ ನೆಟ್ಟು ಹೆಣೆದ ಬೇಲಿಯಿದೆ. ಮೀನು ಬೇಲಿಯ ಗುಂಟ ಈಜುತ್ತಾ ಒಳಗಿನ ಬೋನನ್ನು ಸೇರುತ್ತದೆ. ಹಳ್ಳಕ್ಕೆ ಅಡ್ಡಗಟ್ಟಿ ಬಿದಿರಿನ ಕೂಳಿ ಇಡುವುದನ್ನು ಕಂಡವರಿಗೆ ತತ್ತ್ವ ಕೂಡಲೇ ತಿಳಿಯುತ್ತದೆ. ದೋಣಿಯ ನಡುವೆ ಬೆಂಕಿ ಉರಿಯುತ್ತಿದೆ. ದೂರದಲ್ಲಿ ಜನರು ನೀರಿಗಿಳಿದು ಈಟಿಯಿಂದ ಮೀನು ಚುಚ್ಚುತ್ತಿದ್ದಾರೆ. ಅವರಲ್ಲಿ ಕಬ್ಬಿಣ ಅಥವಾ ಉಕ್ಕು ಇರಲಿಲ್ಲವೆಂದೂ, ಏಡಿಯನ್ನು ಹೋಲುವ ಒಂದು ಜಲಚರದ ಟೊಳ್ಳು ಬಾಲವನ್ನೇ ಕೋಲಿನ ತುದಿಗೆ ಮೊನೆಯಾಗಿ ಕಟ್ಟುತ್ತಿದ್ದರೆಂದೂ ಹ್ಯಾರಿಯಟ್ ತಿಳಿಸುತ್ತಾನೆ. ಕುದುರೆಲಾಳ ಏಡಿ ಎಂದು ಕರೆಯಲಾಗುವ ಈ ಪ್ರಾಣಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಇಂದಿಗೂ ಇದೆ. ಹೀಗಾಗಿ ಈ ವಿವರ ನೋಡಿದವರ ಮಾತೇ ಸರಿ.

ಆದರೆ ಒಂದು ಅಂಶ ಹೊಂದುವುದಿಲ್ಲ. ದೋಣಿಯಲ್ಲಿ ಬೆಂಕಿ ಹೊತ್ತಿಸುವುದು ರಾತ್ರಿಯ ಮೀನುಗಾರಿಕೆಗಾಗಿ, ಬೆಳಕಿಗೆ ಮೀನು ಬರಲೆಂದು. ಚಿತ್ರದಲ್ಲಿ ಮಾತ್ರ ಹಗಲು. ಹಲವು ವೇಳೆ ಹಲವು ಸ್ಥಳಗಳಲ್ಲಿ ನಡೆಯುವ ಕ್ರಮಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಲಾಗಿದೆ. ಈ ಕೂಡಿಸುವಿಕೆ ವೈಟ್‌ನ ಜಲವರ್ಣದಲ್ಲಿಯೇ ಇದೆ. ಕೆರೊಲಿನಾದ ಕರಾವಳಿಗೆ ಸೇರದ, ದಾರಿಯಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಕಂಡ ಏಡಿಗಳೂ ಅವನ ಚಿತ್ರದಲ್ಲಿ ಸೇರಿವೆ. ಇದನ್ನು ಸುಳ್ಳು ಎನ್ನಲಾಗದು. ಸಾರಾಂಶಪಟ್ಟಿ ಎನ್ನಬಹುದು. ಸಾರಾಂಶವನ್ನು ಒಂದು ದಿನದ ವರದಿಯೆಂದು ಓದಿದರೆ ಮಾತ್ರ ತಪ್ಪಾಗುತ್ತದೆ.

1591ರಲ್ಲಿ ಡಿ ಬ್ರೈ ಪ್ರಕಟಿಸಿದ ಎರಡನೆಯ ಸಂಪುಟ ಫ್ಲಾರಿಡಾಕ್ಕೆ ಸಂಬಂಧಿಸಿದ್ದು. 1564–65ರಲ್ಲಿ ಅಲ್ಲಿಗೆ ಹೋಗಿದ್ದ ಫ್ರೆಂಚ್ ಕಲಾವಿದ ಜಾಕ್ ಲೆ ಮ್ವಾನ್ 1588ರಲ್ಲಿ ನಿಧನನಾದ ನಂತರ ಅವನ ಚಿತ್ರಗಳನ್ನು ಆಧರಿಸಿ ಇದನ್ನು ತಯಾರಿಸಲಾಯಿತೆಂದು ಹೇಳಲಾಗಿದೆ. ಇದರ ಎರಡು ಬೇಟೆಯ ಚಿತ್ರಗಳು ನಾನೂರಕ್ಕೂ ಹೆಚ್ಚು ವರ್ಷಗಳಿಂದ ಪಠ್ಯಪುಸ್ತಕಗಳಲ್ಲಿ ಮರುಮುದ್ರಣಗೊಳ್ಳುತ್ತಾ ಬಂದಿವೆ. ಒಂದರಲ್ಲಿ ಬೇಟೆಗಾರರು ಜಿಂಕೆಯ ಇಡೀ ಚರ್ಮವನ್ನು ತಲೆಸಹಿತ ಹೊದ್ದು, ಅದರ ಕಣ್ಣಿನ ರಂಧ್ರಗಳಿಂದ ನೋಡುತ್ತಾ, ನೀರು ಕುಡಿಯಲು ಬಂದ ಜಿಂಕೆಗಳನ್ನು ಸಮೀಪಿಸುತ್ತಾರೆ. ಇನ್ನೊಂದರಲ್ಲಿ ಹತ್ತಾರು ಮಂದಿ ಉದ್ದನೆಯ ಮರದ ಕಂಬವನ್ನು ದೈತ್ಯ ಮೊಸಳೆಯ ತೆರೆದ ಬಾಯಿಗೆ ನುಗ್ಗಿಸಿ, ಅದನ್ನು ಅಂಗಾತ ಕೆಡವಿ, ಮೆತ್ತನೆಯ ಹೊಟ್ಟೆಗೆ ಬಾಣ ಹಾಗೂ ದೊಣ್ಣೆಗಳಿಂದ ಹೊಡೆಯುತ್ತಾರೆ. ಲೆ ಮ್ವಾನ್‌ನ ಮೂಲಚಿತ್ರಗಳು ಈಗ ದೊರೆಯುತ್ತಿಲ್ಲ. ಅವನದೆಂದು ಹೇಳಲಾಗುತ್ತಿದ್ದ ಒಂದು ಚಿತ್ರದ ಬಗ್ಗೆಯೂ ತಜ್ಞರು ಸಂದೇಹ ವ್ಯಕ್ತಪಡಿಸಿದ್ದಾರೆ. ಈ ಸಂಪುಟದಲ್ಲಿ ಫ್ಲಾರಿಡಾದ ಜನರ ಕೈಯಲ್ಲಿ ಬ್ರೆಜಿಲ್ ದೇಶದ ಮಾದರಿಯ ಗದೆಗಳಿರುವುದನ್ನೂ ಗುರುತಿಸಲಾಗಿದೆ. ಫ್ರಾಂಕ್‌ಫರ್ಟ್‌ನಲ್ಲಿ ಕುಳಿತವನಿಗೆ ಅಮೆರಿಕವೆಲ್ಲ ಒಂದೇ ಆಗಿತ್ತು.

ಆ ಪ್ರದೇಶದಲ್ಲಿ ಬಾಳಿದ ತಿಮುಕುವಾ ಜನರ ಬಗ್ಗೆ ಹೊರಗಿನ ಪ್ರಪಂಚಕ್ಕೆ ತಿಳಿದಿದ್ದರಲ್ಲಿ ಬಹುಭಾಗ ಈ ಫಲಕಗಳಿಂದಲೇ. ಹದಿನೆಂಟನೆಯ ಶತಮಾನದ ವೇಳೆಗೆ ರೋಗ, ಯುದ್ಧ, ಗುಲಾಮಗಿರಿಗಳಿಂದ ಆ ಜನಾಂಗ ಬಹುತೇಕ ನಾಶವಾಯಿತು. ಕಡತದಲ್ಲಿ ತಪ್ಪಾಗಿ ನಮೂದಾದ ಒಬ್ಬ ವ್ಯಕ್ತಿ ಬದುಕಿದ್ದರೆ ಅರ್ಜಿ ಸಲ್ಲಿಸಿ ತಿದ್ದುಪಡಿ ಕೋರಬಹುದು. ಇಲ್ಲಿ ತಿದ್ದುಪಡಿ ಕೋರುವವರು ಉಳಿಯಲಿಲ್ಲ.

ಬೇಟೆಯ ಹಕ್ಕು ಯಾರದು

ಯುರೋಪಿನಲ್ಲಿಯೂ ಎಲ್ಲರಿಗೂ ಬೇಟೆಯ ಹಕ್ಕು ಇರಲಿಲ್ಲ. ಸ್ಯಾಕ್ಸನಿಯ ರಾಜಾಸ್ಥಾನದ ಕಲಾವಿದ ಲ್ಯೂಕಾಸ್ ಕ್ರಾನಾಕ್ ಸುಮಾರು 1506ರಲ್ಲಿ ಮಾಡಿದ ಸಾರಂಗ ಬೇಟೆಯ ಮರದ ಅಚ್ಚನ್ನು ನೋಡಿದರೆ ಕುದುರೆ ಸವಾರರು, ನಾಯಿಗಳು, ನದಿಗೆ ಹಾರುವ ಸಾರಂಗಗಳು ಹಾಳೆಯನ್ನು ತುಂಬಿವೆ. ಇಂತಹ ಬೇಟೆಗಳಲ್ಲಿ ಮೃಗಗಳನ್ನು ಕಾಡಿನಿಂದ ಎಬ್ಬಿಸಿ ಓಡಿಸುವ ಕೆಲಸಕ್ಕೆ ಸುತ್ತಲಿನ ರೈತರನ್ನು ಬಿಟ್ಟಿಯಾಗಿ ಕರೆಸಲಾಗುತ್ತಿತ್ತು. ಅದೇ ಮೃಗಗಳು ತಮ್ಮ ಬೆಳೆ ತಿಂದರೆ ಕೊಲ್ಲುವ ಅಧಿಕಾರ ಆ ರೈತರಿಗೆ ಇರಲಿಲ್ಲ. 1525ರಲ್ಲಿ ದಕ್ಷಿಣ ಜರ್ಮನಿಯ ರೈತರು ದಂಗೆಯೆದ್ದಾಗ ಮೆಮ್ಮಿಂಗನ್ ಪಟ್ಟಣದಲ್ಲಿ ಹನ್ನೆರಡು ಬೇಡಿಕೆಗಳ ಪತ್ರವೊಂದು ಸಿದ್ಧವಾಗಿ ಅಚ್ಚಾಯಿತು. ಅದರ ನಾಲ್ಕನೆಯ ಬೇಡಿಕೆ ಬೇಟೆ ಮತ್ತು ಮೀನಿಗೆ ಸಂಬಂಧಿಸಿದ್ದು. ಬಡವನಿಗೆ ಮೃಗ, ಹಕ್ಕಿ, ಹರಿಯುವ ನೀರಿನ ಮೀನು ಯಾವುದನ್ನೂ ಹಿಡಿಯಲು ಬಿಡುತ್ತಿಲ್ಲ, ಮೃಗಗಳು ಬೆಳೆ ಹಾಳುಮಾಡಿದರೂ ಸುಮ್ಮನಿರಬೇಕಾಗಿದೆ ಎಂಬುದು ಅದರ ಸಾರ. ಯಾರಾದರೂ ನೀರಿನ ಹಕ್ಕನ್ನು ಕ್ರಯಕ್ಕೆ ಪಡೆದಿರುವುದಾಗಿ ದಾಖಲೆಪತ್ರ ತೋರಿಸಿದಲ್ಲಿ ಅವರಿಂದ ಬಲವಂತವಾಗಿ ಕಸಿದುಕೊಳ್ಳುವುದಿಲ್ಲ, ದಾಖಲೆ ಇಲ್ಲದವರು ಮಾತ್ರ ಅದನ್ನು ಸಮುದಾಯಕ್ಕೆ ಹಿಂತಿರುಗಿಸಬೇಕು ಎಂದೂ ಅವರು ಬರೆದಿದ್ದರು. ದಂಗೆಯ ನಡುವೆಯೂ ಕಾಗದಪತ್ರಗಳಿಗೆ ಇಷ್ಟು ಗೌರವ ನೀಡಿದ ಆ ರೈತರನ್ನು ಅದೇ ವರ್ಷ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಲಾಯಿತು.

ಈ ಕೆಳಗಿನವರ ನೋಟ ಚಿತ್ರಗಳಲ್ಲಿ ಬರುವುದು ಅಪರೂಪ. ಪೀಟರ್ ಬ್ರೂಗಲ್ ತನ್ನ ಕೈಯಿಂದಲೇ ಮಾಡಿದ ಏಕೈಕ ಎಚ್ಚಿಂಗ್ (1560) ಮೊಲದ ಬೇಟೆಯದು. ಬೇಟೆಗಾರನೊಬ್ಬನು ಮೊಲಗಳತ್ತ ಅಡ್ಡಬಿಲ್ಲು ಗುರಿ ಹಿಡಿದಿದ್ದಾನೆ. ಮರದ ಮರೆಯಲ್ಲಿ ಭರ್ಜಿ ಹಿಡಿದ ಸೈನಿಕನೊಬ್ಬನು ಅವನ ಬೆನ್ನ ಹಿಂದೆಯೇ ಬರುತ್ತಿದ್ದಾನೆ. ಬ್ರೂಗಲ್‌ನ ರಚನೆಯನ್ನಾಧರಿಸಿ 1557ರಲ್ಲಿ ಪೀಟರ್ ವಾನ್ ಡೆರ್ ಹೈಡನ್ ಕೊರೆದು ಕಾಕ್ ಪ್ರಕಟಿಸಿದ ಮತ್ತೊಂದು ಹಾಳೆಯಲ್ಲಿ ದಡಕ್ಕೆಳೆದ ಬೃಹತ್ ಮೀನಿನ ಹೊಟ್ಟೆಯನ್ನು ಸೀಳಿದಾಗ ಮೀನುಗಳು ಸುರಿಯುತ್ತವೆ. ಅವುಗಳ ಬಾಯಿಂದ ಇನ್ನೂ ಸಣ್ಣ ಮೀನುಗಳು ಹೊರಬರುತ್ತವೆ. ದೋಣಿಯಲ್ಲಿರುವ ತಂದೆಯೊಬ್ಬನು ಇದನ್ನು ಮಗನಿಗೆ ತೋರಿಸುತ್ತಿದ್ದಾನೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಈ ಮಾತು ನಮ್ಮಲ್ಲಿ ಮತ್ಸ್ಯನ್ಯಾಯವೆಂದು ಪರಿಚಿತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಪ್ರಸ್ತಾಪವಿದ್ದು, ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಇನ್ನೊಂದು ಸಂಗತಿ: ಬ್ರೂಗಲ್‌ನ ಈ ಹಾಳೆಯ ಮೇಲೆ ಮೂಲ ರಚನೆಕಾರನೆಂದು ನಮೂದಾಗಿರುವ ಹೆಸರು ಹಿಯರೋನಿಮಸ್ ಬಾಷ್. 1516ರಲ್ಲಿಯೇ ನಿಧನನಾಗಿದ್ದ ಬಾಷ್‌ನ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚಿತ್ತು. ಅಡಿಬರಹವನ್ನು ಓದಬೇಕು, ಓದಿದ್ದನ್ನೆಲ್ಲ ನಂಬಬೇಕೆಂದಿಲ್ಲ.

ಇಂಗ್ಲೆಂಡಿನಲ್ಲಿ 1671ರ ಕಾಯಿದೆಯು ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಭೂಮಿ ಮುಂತಾದ ಅರ್ಹತೆ ಇಲ್ಲದವರಿಗೆ ಬೇಟೆಯನ್ನು ನಿಷೇಧಿಸಿತು. 1686ರಲ್ಲಿ ರಿಚರ್ಡ್ ಬ್ಲೋಮ್ ಪ್ರಕಟಿಸಿದ ಬೇಟೆಯ ದೊಡ್ಡ ಗ್ರಂಥದ ಫಲಕಗಳಲ್ಲಿ ಮುಂಗಡ ಹಣ ಕೊಟ್ಟ ಭೂಮಾಲೀಕರ ವಂಶಲಾಂಛನಗಳನ್ನೂ ಕೆತ್ತಿಸಲಾಯಿತು. ಹಣ ಕೊಟ್ಟವರೇ ಚಿತ್ರದ ಒಡೆಯರಾದ ಮೇಲೆ ಬೆಳೆ ಕಳೆದುಕೊಂಡವನು ಅದರಲ್ಲಿ ಕಾಣಿಸುವ ಪ್ರಶ್ನೆ ಬರುವುದಿಲ್ಲ. 1769ರಿಂದ 1782ರವರೆಗೆ ಫ್ರಾನ್ಸಿನಲ್ಲಿ ದ್ಯುಹಾಮೆಲ್ ದು ಮೊನ್ಸೋ ಹೊರತಂದ ಮೀನುಗಾರಿಕೆಯ ಗ್ರಂಥದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಅರಸನಿಲ್ಲ, ಅಪಶಕುನವಿಲ್ಲ. ಗಾಳ, ಬಲೆ, ದೋಣಿ, ಅವುಗಳನ್ನು ಬಳಸುವ ಕೈಗಳಿವೆ.

ತಮ್ಮ ಬಳಿ ಇರುವ ಪ್ರತಿಯ ಪರಿಶೀಲನೆ

ಇನ್ನು ಎರಡನೆಯ ಪ್ರಶ್ನೆ. ಮನೆಯಲ್ಲಿ ಇಂತಹ ಚಿತ್ರವಿದ್ದಲ್ಲಿ ಮೊದಲು ಭೂತಗನ್ನಡಿಯಿಂದ ನೋಡಬಹುದು. ಚಿತ್ರವು ಒಂದೇ ಕ್ರಮದಲ್ಲಿ ಜೋಡಿಸಿದ ಸಣ್ಣ ಚುಕ್ಕೆಗಳಿಂದ ಕೂಡಿದ್ದರೆ ಅದು 1880ರ ದಶಕದ ನಂತರ ಬಳಕೆಗೆ ಬಂದ ಯಾಂತ್ರಿಕ ಮುದ್ರಣದ ಪ್ರತಿ. ರೇಖೆಗಳು ಅಖಂಡವಾಗಿದ್ದು, ಚಿತ್ರದ ಸುತ್ತ ಫಲಕದ ಅಂಚು ಒತ್ತಿದ ಗುರುತು ಕಾಗದದ ಮೇಲೆ ತಗ್ಗಾಗಿ ಕಂಡರೆ ಅದು ಲೋಹದ ಫಲಕದಿಂದ ಬಂದಿರಬಹುದು. ಕಾಗದವನ್ನು ಬೆಳಕಿಗೆ ಹಿಡಿದಾಗ ಸಮಾನಾಂತರ ಗೆರೆಗಳು ಕಾಣುವುದು ಹಳೆಯ ಕೈಕಾಗದದ ಲಕ್ಷಣ. ಗೆರೆಗಳಿಲ್ಲದ ನಯವಾದ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದು 1750ರ ದಶಕದಿಂದ ಈಚೆಗೆ. ಈ ಯಾವ ಲಕ್ಷಣವೂ ಒಂಟಿಯಾಗಿ ಅಂತಿಮವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಚಿತ್ರಗಳ ಲೋಹಫಲಕದ ಮರುಮುದ್ರಣಗಳೂ ನಡೆದಿರುವುದರಿಂದ ಎಲ್ಲವನ್ನೂ ಒಟ್ಟಾಗಿ ನೋಡಬೇಕು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಮತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಮ್ಮ ಮುದ್ರಣಚಿತ್ರಗಳನ್ನು ಜಾಲತಾಣದಲ್ಲಿ ಪ್ರಕಟಿಸಿದ್ದು, ಅವುಗಳೊಂದಿಗೆ ರೇಖೆ ರೇಖೆಯಾಗಿ ಹೋಲಿಸಬಹುದಾಗಿದೆ.

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಅನ್ವಯ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕೃತಿಗಳು ಪುರಾತನ ವಸ್ತುವಿನ ವ್ಯಾಖ್ಯೆಯಲ್ಲಿ ಬರುತ್ತವೆ. ನೋಂದಣಿಯ ಅಗತ್ಯವು ಅಧಿಸೂಚಿಸಿದ ವರ್ಗಗಳಿಗೆ ಮಾತ್ರ ಅನ್ವಯಿಸುತ್ತದೆ. ಆದರೆ ಪುರಾತನ ವಸ್ತುವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆಯಾಗಿ ಕಳುಹಿಸಲು ಉದ್ದೇಶಿಸಿರುವವರು ಇದನ್ನು ವಿಶೇಷವಾಗಿ ಗಮನಿಸುವುದು. ವಸ್ತುವು ಪುರಾತನವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ ನಿರ್ಣಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ ಅಥವಾ ಅವರಿಂದ ಅಧಿಕೃತಗೊಂಡ ಅಧಿಕಾರಿಗೆ ಸೇರಿದೆ.

ಪರಿಶೀಲನೆಗೆ ತರುವ ಮುನ್ನ ಚಿತ್ರವನ್ನು ಲ್ಯಾಮಿನೇಷನ್ ಮಾಡಿಸಬಾರದು, ಕಲೆಗಳನ್ನು ನೀರಿನಿಂದ ಒರೆಸಬಾರದು, ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು, ಚೌಕಟ್ಟಿಗೆ ಹೊಂದಿಸಲು ಅಂಚುಗಳನ್ನು ಕತ್ತರಿಸಬಾರದು. ಛಾಯಾಚಿತ್ರ ಲಗತ್ತಿಸುವವರು ಹಾಳೆಯ ಮುಂಭಾಗ, ಹಿಂಭಾಗ ಮತ್ತು ಕೆಳ ಅಂಚಿನ ಬರಹ ಈ ಮೂರನ್ನೂ ಪ್ರತ್ಯೇಕವಾಗಿ, ಅಕ್ಷರಗಳು ಓದಲು ಬರುವಂತೆ ತೆಗೆಸತಕ್ಕದ್ದು.